ಎರಡು ದಿನಕ್ಕೆ ಮಗನನ್ನು ಬೇರೆಯವರ ಮನೆಯಲ್ಲಿ ಬಿಡಬಹುದಾ? ಬಿಟ್ಟವರು ಯಾರಾದರೂ ಇದ್ದೀರಾ?

ಸುರತ್ಕಲ್_ಅಮ್ಮ
ಸೋಮವಾರ, ರಾತ್ರಿ 11:52

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಇಲ್ಲಿ ಬರೀ ಓದುತ್ತಿದ್ದೆ. ಇವತ್ತು ಮೊದಲ ಸಲ ಬರೆಯುತ್ತಿದ್ದೇನೆ.

ನನ್ನ ಮಗನಿಗೆ ಹನ್ನೊಂದು ವರ್ಷ. ಸೆರೆಬ್ರಲ್ ಪಾಲ್ಸಿ, ಮೆದುಳಿನ ತೊಂದರೆಯಿಂದ ಕೈಕಾಲು ಹಿಡಿತದಲ್ಲಿಲ್ಲ. ಬೆಲ್ಟ್ ಇರುವ ಕುರ್ಚಿಯಲ್ಲಿ ಕೂರಿಸಿದರೆ ಕೂರುತ್ತಾನೆ. ಮಾತು ಬರುವುದಿಲ್ಲ. ಹೌದು ಅನ್ನಬೇಕಾದರೆ ಕಣ್ಣು ಮೇಲೆ ಎತ್ತುತ್ತಾನೆ, ಬೇಡ ಅಂದರೆ ತುಟಿ ಬಿಗಿ ಹಿಡಿಯುತ್ತಾನೆ. ತಿಂಗಳಿಗೆ ಒಂದೆರಡು ಸಲ ಫಿಟ್ಸ್ ಬರುತ್ತದೆ. ಗಂಡ ಕುವೈಟ್‌ನಲ್ಲಿದ್ದಾರೆ. ಅತ್ತೆಗೆ ಎಪ್ಪತ್ತನಾಲ್ಕು, ಮೊಣಕಾಲು ನೋವು. ಮಗ ಈಗ 26 ಕೆಜಿ. ಹಾಸಿಗೆಯಿಂದ ಕುರ್ಚಿಗೆ, ಕುರ್ಚಿಯಿಂದ ಬಚ್ಚಲಿಗೆ ನಾನೇ ಎತ್ತಬೇಕು.

ಹೋದ ವಾರ ಸೊಂಟ ಹಿಡಿದು ಎರಡು ದಿನ ಏಳಲಿಕ್ಕೇ ಆಗಲಿಲ್ಲ. ಪಕ್ಕದ ಮನೆಯ ಬಾಯಮ್ಮ ಬಂದು ಅವನಿಗೆ ಗಂಜಿ ಉಣಿಸಿದರು. ಶಾಲೆಗೆ ರಜೆ ಹಾಕಿ ಮಗಳು ಅವನ ಬಟ್ಟೆ ಬದಲಾಯಿಸಿದಳು. ಅವಳಿಗೆ ಹದಿನಾಲ್ಕು ವರ್ಷ. ಮಲಗಿದಲ್ಲೇ ನೋಡುತ್ತಿದ್ದೆ. ನನಗೆ ಅಳು ಬಂತು.

ವಿದೇಶದಲ್ಲಿ ಇಂಥ ಮಕ್ಕಳನ್ನು ತಿಂಗಳಿಗೆ ಒಂದೆರಡು ದಿನ ಇನ್ನೊಂದು ಕುಟುಂಬ ತಮ್ಮ ಮನೆಗೆ ಕರೆದುಕೊಂಡು ಹೋಗಿ ನೋಡಿಕೊಳ್ಳುತ್ತದಂತೆ. ಆಶ್ರಮ ಅಲ್ಲ, ಹಾಸ್ಟೆಲ್ ಅಲ್ಲ, ಮನೆ. ಮಂಗಳೂರಿನಲ್ಲೋ ಉಡುಪಿಯಲ್ಲೋ ಅಂಥದ್ದು ಏನಾದರೂ ಉಂಟಾ? ನನಗೆ ಬೇಕಾಗಿರುವುದು ಎರಡೇ ದಿನ. ವಾಪಸ್ ಬಂದಾಗ ಅವನು 'ಅಮ್ಮ ನನ್ನನ್ನು ಬಿಟ್ಟು ಹೋದಳು' ಅಂದುಕೊಳ್ಳುತ್ತಾನಾ? ಅದನ್ನು ನೆನೆಸಿದರೇ ಹೊಟ್ಟೆ ಕಿವುಚುತ್ತದೆ.

ಕಡಲತಡಿ
ಮಂಗಳವಾರ, ಬೆಳಿಗ್ಗೆ 6:15

ಅಕ್ಕ, ಓದಿ ಗಂಟಲು ಕಟ್ಟಿತು. ನನ್ನ ಹತ್ತಿರ ಉತ್ತರ ಇಲ್ಲ. ಆದರೆ ಈ ಪ್ರಶ್ನೆ ನನ್ನದೂ ಹೌದು, ಮಗಳಿಗೆ ಆಟಿಸಂ. ಏಳು ವರ್ಷದಿಂದ ನಾವಿಬ್ಬರೂ ಒಟ್ಟಿಗೆ ಒಂದು ಮದುವೆಗೆ ಹೋಗಿಲ್ಲ. ಒಬ್ಬರು ಹೋದರೆ ಇನ್ನೊಬ್ಬರು ಮನೆಯಲ್ಲಿ. ಉತ್ತರಕ್ಕೆ ಕಾಯುತ್ತೇನೆ.

ಅಂಬಲಪಾಡಿ_ಅಣ್ಣ
ಮಂಗಳವಾರ, ಬೆಳಿಗ್ಗೆ 8:40

ತಂಗಿ, ಬೇಸರ ಮಾಡಿಕೊಳ್ಳಬೇಡಿ, ಕಂಡದ್ದನ್ನು ಹೇಳುತ್ತೇನೆ. ನನ್ನ ಅಕ್ಕನ ಮಗನನ್ನು ಒಮ್ಮೆ ಒಂದು ವಸತಿ ಕೇಂದ್ರದಲ್ಲಿ ಹತ್ತು ದಿನ ಬಿಟ್ಟಿದ್ದರು. ಅಕ್ಕನಿಗೆ ಗರ್ಭಕೋಶದ ಆಪರೇಶನ್ ಇತ್ತು, ಬೇರೆ ದಾರಿ ಇರಲಿಲ್ಲ. ಹುಡುಗ ವಾಪಸ್ ಬಂದಾಗ ಬೆನ್ನ ಕೆಳಗೆ ಹುಣ್ಣು. ಮಲಗಿಸಿದವರು ಮಗ್ಗುಲು ಬದಲಾಯಿಸಿರಲಿಲ್ಲ. ಮೂರು ಕೆಜಿ ಇಳಿದಿದ್ದ. ಕೇಳಿದರೆ 'ಅವನು ತಿನ್ನಲಿಲ್ಲ' ಅಂದರು. ಅವನು ತಿನ್ನುವುದೇ ನಿಧಾನ, ಒಂದು ಊಟಕ್ಕೆ ಮುಕ್ಕಾಲು ಗಂಟೆ ಬೇಕು. ನಲವತ್ತು ಮಕ್ಕಳಿಗೆ ಇಬ್ಬರು ಇದ್ದರೆ ಯಾರು ಮುಕ್ಕಾಲು ಗಂಟೆ ಕೂತು ಉಣಿಸುತ್ತಾರೆ?

ಅದಾದ ಮೇಲೆ ಅಕ್ಕ ಅವನನ್ನು ಎಲ್ಲಿಯೂ ಬಿಟ್ಟಿಲ್ಲ. ಅವಳ ಬಿ.ಪಿ. ಈಗ ಹಿಡಿತಕ್ಕೆ ಬರುತ್ತಿಲ್ಲ. ಬೇರೆಯವರ ಮನೆ ಅಂದಾಗ ನನಗೆ ಮೊದಲು ಬರುವುದು ಭಯ. ಬಾಯಿ ಬಾರದ ಮಗು, ಏನಾಯಿತು ಅಂತ ಹೇಳುವುದು ಹೇಗೆ?

ನಿವೃತ್ತ_ಸಮಾಜಕಾರ್ಯಕರ್ತೆ
ಮಂಗಳವಾರ, ಮಧ್ಯಾಹ್ನ 2:10

ಸುರತ್ಕಲ್‌ನ ತಾಯಿಗೆ ಮತ್ತು ಅಂಬಲಪಾಡಿಯ ಅಣ್ಣನಿಗೆ, ಇಬ್ಬರಿಗೂ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ.

ನಾನು ರೋಶನಿ ನಿಲಯದಲ್ಲಿ ಎಂ.ಎಸ್.ಡಬ್ಲ್ಯೂ ಓದಿದವಳು. ಮಂಗಳೂರಿನಲ್ಲಿ 1960ರಿಂದ ಸಮಾಜಕಾರ್ಯ ಕಲಿಸುವ ಕಾಲೇಜು ಅದು. ಮೂವತ್ತು ವರ್ಷ ಆಸ್ಪತ್ರೆಯಲ್ಲಿ ಮೆಡಿಕಲ್ ಸೋಶಿಯಲ್ ವರ್ಕರ್ ಆಗಿದ್ದೆ. ಕೊನೆಯ ಎಂಟು ವರ್ಷ ನಾಲ್ಕು ಕುಟುಂಬಗಳಿಗೆ ಇಂಥದ್ದೇ ಒಂದು ಏರ್ಪಾಡು ಮಾಡಿಕೊಟ್ಟಿದ್ದೇನೆ. ಯಾವುದೇ ಸಂಸ್ಥೆಯ ಹೆಸರಿನಲ್ಲಿ ಅಲ್ಲ. ನಾಲ್ಕೇ ನಾಲ್ಕು, ಆದರೆ ನಾಲ್ಕೂ ಇವತ್ತಿಗೂ ನಡೆಯುತ್ತಿವೆ.

ನಮ್ಮಲ್ಲಿ ಇದು ಹೊಸತು ಅಂತ ನನಗೆ ಅನಿಸುವುದಿಲ್ಲ. ಮೊದಲು ಕೂಡುಮನೆ ಇತ್ತು. ಇಂಥ ಮಗು ಇದ್ದರೆ ದೊಡ್ಡಮ್ಮನ ಮಡಿಲಲ್ಲಿ ಒಂದು ಹೊತ್ತು, ಮಾವನ ಹೆಗಲ ಮೇಲೆ ಒಂದು ಹೊತ್ತು. ಹೊಸದಾಗಿ ಮದುವೆಯಾದ ಹುಡುಗಿ ಆಟಿ ತಿಂಗಳಲ್ಲಿ, ಅಂದರೆ ಆಷಾಢದ ಹೊತ್ತಿಗೆ, ತವರಿಗೆ ಹೋಗಿ ಕೂರುವುದು ನಮ್ಮ ತುಳುನಾಡಿನ ಕ್ರಮ ಅಲ್ವಾ? ಹೆಣ್ಣಿಗೆ ವಿಶ್ರಾಂತಿ ಬೇಕು ಅಂತ ಹಿರಿಯರಿಗೆ ಗೊತ್ತಿತ್ತು. ಈಗ ದೊಡ್ಡಮ್ಮ ಮುಂಬೈಯಲ್ಲಿ, ಮಾವ ದುಬೈಯಲ್ಲಿ, ತಾಯಿ ಮಾತ್ರ ಫ್ಲ್ಯಾಟಿನಲ್ಲಿ. ಹಾಗಾಗಿ ಆ ದೊಡ್ಡಮ್ಮನನ್ನು ಹುಡುಕಿ ತರಬೇಕು. ಸಮಾಜಕಾರ್ಯಕರ್ತೆಯ ಕೆಲಸ ಅದು.

ಹುಡುಕುವುದು ಹೇಗೆ? ನಾನು ಯಾವತ್ತೂ 'ಯಾರಿಗೆ ಮಕ್ಕಳೆಂದರೆ ಇಷ್ಟ' ಅಂತ ಕೇಳಿಕೊಂಡು ಹೋಗಿಲ್ಲ. ತಾಯಿಯನ್ನು ಕೂರಿಸಿ ಒಂದೇ ಪ್ರಶ್ನೆ ಕೇಳುತ್ತೇನೆ: ನಿಮ್ಮನ್ನು ಬಿಟ್ಟರೆ ಮಗು ಯಾರ ದನಿ ಕೇಳಿದಾಗ ತಲೆ ತಿರುಗಿಸುತ್ತದೆ? ಯಾವಾಗಲೂ ಒಬ್ಬರು ಇರುತ್ತಾರೆ. ಶಾಲೆಯ ಆಯಾ, ಫಿಸಿಯೋಥೆರಪಿಗೆ ಕರೆದುಕೊಂಡು ಹೋಗುವ ರಿಕ್ಷಾದವರ ಹೆಂಡತಿ, ಹಿಂದೆ ಬಾಡಿಗೆಗೆ ಇದ್ದ ಮನೆಯ ಯಜಮಾನಿ. ಅಲ್ಲಿಂದ ಶುರು.

ಆಮೇಲೆ ಆ ಮನೆಗೆ ಹೋಗುತ್ತೇನೆ. ಒಮ್ಮೆ ಹೇಳಿ, ಒಮ್ಮೆ ಹೇಳದೆ. ಮನೆ ಚೆಂದ ಉಂಟಾ ಅಂತ ನೋಡುವುದಿಲ್ಲ. ಬಚ್ಚಲಿಗೆ ಇಳಿಯಲು ಎಷ್ಟು ಮೆಟ್ಟಿಲು, ಬಾವಿಗೆ ಕಟ್ಟೆ ಎಷ್ಟು ಎತ್ತರ, ಔಷಧಿ ಇಡಲು ಬೀಗ ಇರುವ ಜಾಗ ಉಂಟಾ, ಮಳೆಗಾಲದಲ್ಲಿ ಕರೆಂಟ್ ಹೋದರೆ ಏನು, ಆಂಬುಲೆನ್ಸ್ ಅಂಗಳದವರೆಗೆ ಬರುತ್ತದಾ. ಮನೆಗೆ ಬಂದು ಹೋಗುವವರು ಯಾರು ಅನ್ನುವುದನ್ನು ಮುಖ್ಯವಾಗಿ ನೋಡುತ್ತೇನೆ. ಮನೆಯ ಪ್ರತಿಯೊಬ್ಬರ ಹತ್ತಿರ ಬೇರೆ ಬೇರೆಯಾಗಿ ಮಾತಾಡುತ್ತೇನೆ. ಗಂಡಸರ ಹತ್ತಿರ, ಕಾಲೇಜಿಗೆ ಹೋಗುವ ಮಗನ ಹತ್ತಿರ, ಅಜ್ಜಿಯ ಹತ್ತಿರವೂ. ಅಕ್ಕಪಕ್ಕದಲ್ಲಿ ಎರಡು ಮನೆಯಲ್ಲಿ ವಿಚಾರಿಸುತ್ತೇನೆ. ಪೊಲೀಸ್ ವೆರಿಫಿಕೇಶನ್ ಮಾಡಿಸಿ ಅನ್ನುತ್ತೇನೆ. ಒಳ್ಳೆಯ ಮನಸ್ಸಿನವರು ಅದಕ್ಕೆ ಸಿಟ್ಟಾಗುವುದಿಲ್ಲ. ಸಿಟ್ಟಾದರೆ ಅಲ್ಲಿಗೆ ನಿಲ್ಲಿಸುತ್ತೇನೆ.

ಎರಡು ಸಲ ಬೇಡ ಅಂದಿದ್ದೇನೆ. ಒಂದು ಮನೆಯವರು ಮಗುವನ್ನು 'ಸರಿ ಮಾಡಿಬಿಡುತ್ತೇವೆ' ಅಂದರು. ತುಂಬ ಭಕ್ತಿಯ ಜನ, ಕೆಟ್ಟವರಲ್ಲ. ಆದರೆ ಮಗು ಹೇಗಿದೆಯೋ ಹಾಗೆ ಅವರಿಗೆ ಬೇಕಾಗಿರಲಿಲ್ಲ. ಇನ್ನೊಂದರಲ್ಲಿ, ಗಂಡ ತೀರಿಹೋದ ಒಬ್ಬರು ತಮ್ಮ ಒಂಟಿತನಕ್ಕೆ ಮಗು ಬೇಕು ಅಂದರು. ಅವರ ಕೈ ಹಿಡಿದು ತುಂಬ ಹೊತ್ತು ಕೂತೆ. ಆದರೆ ಮಗುವನ್ನು ಕಳಿಸಲಿಲ್ಲ.

ಅಣ್ಣ ಕೇಳಿದ ಪ್ರಶ್ನೆಗೆ ಬರುತ್ತೇನೆ. ಬಾಯಿ ಬಾರದ ಮಗು ಹೇಳುತ್ತದೆ, ನಾವು ಕೇಳಬೇಕು ಅಷ್ಟೆ. ಹೋಗಿ ಬಂದ ಮರುದಿನ ನಾನು ಮನೆಗೆ ಬರುತ್ತೇನೆ. ನಿದ್ದೆ ಹೇಗಿತ್ತು, ಹೊಟ್ಟೆ ಸರಿ ಹೋಯಿತಾ, ತೂಕ ಎಷ್ಟು, ಮೈ ಮೇಲೆ ಕೆಂಪು ಕಲೆ ಉಂಟಾ, ಎಲ್ಲ ನೋಡುತ್ತೇನೆ. ಆ ಮನೆಯವರ ಹೆಸರು ಹೇಳಿದಾಗ ಮಗು ನಗುತ್ತದಾ, ಮೈ ಬಿಗಿ ಮಾಡುತ್ತದಾ? ಮೈ ಬಿಗಿ ಮಾಡಿದರೆ ಮುಂದಿನ ಸಲ ಇಲ್ಲ, ಕಾರಣ ಗೊತ್ತಾಗುವವರೆಗೆ. ಏನಾದರೂ ಕೆಟ್ಟದ್ದರ ಗುಮಾನಿ ಬಂದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್. ಲೈಂಗಿಕ ದೌರ್ಜನ್ಯದ ಸಂಶಯ ಇದ್ದರೆ ಪೋಕ್ಸೋ ಕಾಯ್ದೆಯ ಪ್ರಕಾರ ತಿಳಿಸಲೇಬೇಕು, ಮುಚ್ಚಿಟ್ಟರೆ ಅದೇ ಅಪರಾಧ. ಇದನ್ನು ಎರಡೂ ಮನೆಯವರಿಗೆ ಮೊದಲ ದಿನವೇ ಹೇಳುತ್ತೇನೆ.

ನಿಮ್ಮ ಅಕ್ಕನ ಮಗನಿಗೆ ಆದದ್ದು ಆಗಬಾರದಿತ್ತು. ಅಲ್ಲಿ ಆ ಮಗುವನ್ನು ಬಲ್ಲವರು ಒಬ್ಬರೂ ಇರಲಿಲ್ಲ. ಅದಕ್ಕೇ ನಾವು ಒಂದೇ ಸಲಕ್ಕೆ ಎರಡು ದಿನ ಬಿಡುವುದಿಲ್ಲ. ಮೊದಲು ತಾಯಿಯ ಜೊತೆ ಹೋಗಿ ಚಾ ಕುಡಿದು ಬರುವುದು. ಆಮೇಲೆ ತಾಯಿ ಇಲ್ಲದೆ ಎರಡು ಗಂಟೆ. ಆಮೇಲೆ ಒಂದು ಊಟ, ಒಂದು ಸ್ನಾನ. ಆಮೇಲೆ ಇಡೀ ಹಗಲು. ರಾತ್ರಿ ಬರುವುದು ಎಲ್ಲಕ್ಕಿಂತ ಕೊನೆಗೆ. ಒಂದು ಮಗುವಿಗೆ ರಾತ್ರಿಯವರೆಗೆ ತಲುಪಲು ಐದು ತಿಂಗಳು ಬೇಕಾಯಿತು.

ತಾಯಂದಿರನ್ನೂ ತಯಾರು ಮಾಡಬೇಕು. ಮೊದಲ ಎರಡು ಗಂಟೆ ಸಿಕ್ಕಾಗ ಏನು ಮಾಡುವುದು ಅಂತ ಅವರಿಗೆ ಗೊತ್ತಾಗುವುದಿಲ್ಲ. ಒಬ್ಬರು ಪಣಂಬೂರು ಬೀಚಿಗೆ ಹೋಗಿ ಸುಮ್ನೆ ಕೂತು ಬಂದರು. ಇನ್ನೊಬ್ಬರು ಫೋನ್ ಕೈಯಲ್ಲಿ ಹಿಡಿದುಕೊಂಡೇ ಗೇಟಿನ ಹತ್ತಿರ ನಿಂತಿದ್ದರು. ನಾನೂ ಜೊತೆಗೆ ನಿಂತೆ.

ಶಿರ್ವದವಳು
ಮಂಗಳವಾರ, ರಾತ್ರಿ 9:30

ನಾನು ಇಂಗ್ಲೆಂಡಿನಲ್ಲಿ ನರ್ಸ್. ಊರು ಶಿರ್ವ. ನನ್ನ ಪಕ್ಕದ ಮನೆಯವರು ಇಲ್ಲಿ ಶಾರ್ಟ್ ಬ್ರೇಕ್ ಫಾಸ್ಟರ್ ಕೇರರ್, ಅಂದರೆ ಇಂಥ ಮಕ್ಕಳನ್ನು ಒಂದೆರಡು ದಿನ ತಮ್ಮ ಮನೆಯಲ್ಲಿ ನೋಡಿಕೊಳ್ಳುವವರು. ಡೌನ್ ಸಿಂಡ್ರೋಮ್ ಇರುವ ಒಂಬತ್ತು ವರ್ಷದ ಹುಡುಗಿ ಎರಡು ವಾರಕ್ಕೊಮ್ಮೆ ಶನಿವಾರ ಬಂದು ಭಾನುವಾರ ಹೋಗುತ್ತಾಳೆ. ಅವಳಿಗೆ ಆ ಮನೆಯಲ್ಲಿ ಅವಳದೇ ಕಪ್ಪು ಉಂಟು, ಅವಳದೇ ದಿಂಬು ಉಂಟು.

ಇಲ್ಲಿ ಸ್ಥಳೀಯ ಆಡಳಿತವೇ ಇದನ್ನು ನಡೆಸಬೇಕು ಅಂತ ಕಾನೂನು. 2011ರಿಂದ ಜಾರಿಯಲ್ಲಿರುವ ನಿಯಮದ ಪ್ರಕಾರ ವಿಕಲಚೇತನ ಮಕ್ಕಳನ್ನು ನೋಡಿಕೊಳ್ಳುವವರಿಗೆ ಬಿಡುವು ಸಿಗುವ ಹಾಗೆ ಹಗಲು, ರಾತ್ರಿ, ರಜಾದಿನಗಳಲ್ಲಿ ಸೇವೆ ಇಡಬೇಕು. ಏನೇನು ಸಿಗುತ್ತದೆ ಅಂತ ಬರೆದು ಪ್ರಕಟಿಸಲೂ ಬೇಕು. ತಾಯಿ ತಂದೆ ಕುಸಿದು ಬಿದ್ದ ಮೇಲೆ ಮಾತ್ರ ಕೊಡುವುದಲ್ಲ, ಚೆನ್ನಾಗಿ ನೋಡಿಕೊಳ್ಳುತ್ತಿರುವವರು ಇನ್ನೂ ಚೆನ್ನಾಗಿ ನೋಡಿಕೊಳ್ಳಲಿ ಅಂತಲೂ ಕೊಡಬೇಕು ಅಂತ ಆ ನಿಯಮದಲ್ಲೇ ಉಂಟು. ಅದನ್ನು ಓದಿದಾಗ ನನ್ನ ಅತ್ತಿಗೆಯ ಮುಖ ಕಣ್ಣ ಮುಂದೆ ಬಂತು.

ಒಂದೇ ಕಡೆ ಸಾಲಾಗಿ ಹೀಗೆ ಹೋಗಿ ಬರುವಾಗ ಒಂದು ಸಲಕ್ಕೆ 17 ದಿನಕ್ಕಿಂತ, ವರ್ಷಕ್ಕೆ ಒಟ್ಟು 75 ದಿನಕ್ಕಿಂತ ಜಾಸ್ತಿ ಆಗುವಂತಿಲ್ಲ. ಜಾಸ್ತಿ ಆದರೆ ನಿಯಮ ಇನ್ನೂ ಬಿಗಿಯಾಗುತ್ತದೆ. ಯಾಕೆಂದರೆ ಮಗು ಅಪ್ಪ ಅಮ್ಮನದು, ಬಿಡುವು ಬಿಡುವಾಗಿಯೇ ಇರಬೇಕು. ಅಧಿಕಾರ ಎಲ್ಲ ಹೆತ್ತವರ ಕೈಯಲ್ಲೇ ಇರುತ್ತದೆ. ಕೂದಲು ಕತ್ತರಿಸುವುದಕ್ಕೂ ಪಕ್ಕದ ಮನೆಯವರು ತಾಯಿಯನ್ನು ಕೇಳುತ್ತಾರೆ.

ಕೇರರ್ ಆಗುವ ಮೊದಲು ತಿಂಗಳುಗಟ್ಟಲೆ ವಿಚಾರಣೆ, ತರಬೇತಿ, ಆಮೇಲೆ ಒಂದು ಸಮಿತಿಯ ಮುಂದೆ ಹೋಗಬೇಕು. ಮಗುವಿಗೆ ಒಬ್ಬ ಸೋಶಿಯಲ್ ವರ್ಕರ್, ಕೇರರ್‌ಗೆ ಇನ್ನೊಬ್ಬರು. ಈ ಎರಡನೆಯದು ತುಂಬ ಮುಖ್ಯ ಅಂತ ನನಗೆ ಅನಿಸುತ್ತದೆ. ಮಗುವನ್ನು ನೋಡಿಕೊಳ್ಳುವವರಿಗೂ ತಮ್ಮ ಕಷ್ಟ ಹೇಳಿಕೊಳ್ಳಲು ಒಬ್ಬರು ಬೇಕಲ್ವಾ?

ಬ್ರಹ್ಮಾವರ_ಓದುಗ
ಬುಧವಾರ, ಬೆಳಿಗ್ಗೆ 7:55

ಟೀಚರಮ್ಮ (ನಿವೃತ್ತ ಸಮಾಜಕಾರ್ಯಕರ್ತೆಯವರೇ, ಹಾಗೆ ಕರೆಯಬಹುದಲ್ವಾ), ನಮ್ಮ ಕಾನೂನಿನಲ್ಲಿ ಫಾಸ್ಟರ್ ಕೇರ್ ಉಂಟಲ್ಲ? ಜಿಲ್ಲೆಯ ಮಕ್ಕಳ ರಕ್ಷಣಾ ಘಟಕಕ್ಕೆ ಅರ್ಜಿ ಹಾಕಿದರೆ ಸಿಗುವುದಿಲ್ವಾ? ತಿಂಗಳಿಗೆ ನಾಲ್ಕು ಸಾವಿರ ಕೊಡುತ್ತಾರೆ ಅಂತ ಓದಿದ್ದೇನೆ.

ನಿವೃತ್ತ_ಸಮಾಜಕಾರ್ಯಕರ್ತೆ
ಬುಧವಾರ, ಬೆಳಿಗ್ಗೆ 11:20

ಈ ಪ್ರಶ್ನೆ ಬಂದದ್ದು ಒಳ್ಳೆಯದಾಯಿತು, ಇಲ್ಲಿ ತುಂಬ ಜನ ಗೊಂದಲ ಮಾಡಿಕೊಳ್ಳುತ್ತಾರೆ.

ನಮ್ಮಲ್ಲಿ ಫಾಸ್ಟರ್ ಕೇರ್ ಬರುವುದು 2015ರ ಬಾಲನ್ಯಾಯ ಕಾಯ್ದೆಯ 44ನೇ ಕಲಮಿನಲ್ಲಿ. ಅದು ಆರೈಕೆ ಮತ್ತು ರಕ್ಷಣೆ ಬೇಕಾದ ಮಕ್ಕಳಿಗೆ. ಮಕ್ಕಳ ಕಲ್ಯಾಣ ಸಮಿತಿ ಆದೇಶ ಮಾಡಿ ಮಗುವನ್ನು ಇನ್ನೊಂದು ಕುಟುಂಬದಲ್ಲಿ ಇರಿಸುತ್ತದೆ. ನೀವು ಹೇಳಿದ ನಾಲ್ಕು ಸಾವಿರ ಮಿಷನ್ ವಾತ್ಸಲ್ಯ ಅನ್ನುವ ಕೇಂದ್ರ ಸರ್ಕಾರದ ಮಕ್ಕಳ ರಕ್ಷಣಾ ಯೋಜನೆಯಲ್ಲಿ ಸಿಗುವ ಹಣ, ಆ ಮಕ್ಕಳಿಗೆ. ಸುರತ್ಕಲ್‌ನ ಈ ಮಗನಿಗೆ ಅಮ್ಮ ಇದ್ದಾರೆ, ಅಪ್ಪ ಇದ್ದಾರೆ, ಮನೆ ಉಂಟು. ಅವನನ್ನು ಸಮಿತಿಯ ಮುಂದೆ ನಿಲ್ಲಿಸಬೇಕಾದ ಕಾರಣವೇ ಇಲ್ಲ. ಅವನಿಗೆ ಬೇಕಾಗಿರುವುದು ತಿಂಗಳಿಗೆ ಎರಡು ದಿನ ಇನ್ನೊಂದು ಮನೆ. ಆ ಇನ್ನೊಂದು ಮನೆಗೆ ಕಾಯ್ದೆಯಲ್ಲಿ ಹೆಸರಿಲ್ಲ. ಇರಬೇಕು ಅಂತ ಇಪ್ಪತ್ತು ವರ್ಷದಿಂದ ಹೇಳುತ್ತಲೇ ಇದ್ದೇನೆ.

ಆದರೆ ಕೈಕಟ್ಟಿ ಕೂರಬೇಕಾಗಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 9ನೇ ಕಲಂ ಓದಿ. ವಿಕಲಚೇತನ ಅನ್ನುವ ಕಾರಣಕ್ಕೆ ಮಗುವನ್ನು ತಂದೆ ತಾಯಿಯಿಂದ ಬೇರೆ ಮಾಡುವಂತಿಲ್ಲ, ಕೋರ್ಟ್ ಆದೇಶ ಇದ್ದರೆ ಮಾತ್ರ. ಹೆತ್ತವರಿಗೆ ನೋಡಿಕೊಳ್ಳಲು ಆಗದೇ ಹೋದರೆ ಮೊದಲು ಹತ್ತಿರದ ನೆಂಟರು, ಅದಿಲ್ಲದಿದ್ದರೆ ಅದೇ ಸಮುದಾಯದ ಒಂದು ಕುಟುಂಬದ ವಾತಾವರಣ. ಆಶ್ರಯ ಮನೆ ಕಟ್ಟಕಡೆಯದು. ಕುಟುಂಬವೇ ಮೊದಲು ಅನ್ನುವುದು ಅದರ ಒಳ ಅರ್ಥ. ಅದೇ ಕಾಯ್ದೆಯ 24ನೇ ಕಲಮಿನಲ್ಲಿ, ಹೆಚ್ಚಿನ ಆಸರೆ ಬೇಕಾದವರಿಗೆ ಆರೈಕೆದಾರರ ಭತ್ಯೆಯ ಮಾತೂ ಉಂಟು. 2024-25ರ ರಾಜ್ಯ ಬಜೆಟ್‌ನಲ್ಲಿ ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೊಫಿ, ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರ ಆರೈಕೆದಾರರಿಗೆ ತಿಂಗಳಿಗೆ 1000 ರೂಪಾಯಿ ಘೋಷಣೆ ಆಯಿತು. ನಿಮ್ಮ ಪಂಚಾಯತಿನ ವಿ.ಆರ್.ಡಬ್ಲ್ಯೂ (ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು) ಹತ್ತಿರ ಈ ಭತ್ಯೆ ಬಗ್ಗೆ ಕೇಳಿ. ಕೇಳುತ್ತಲೇ ಇರಿ.

1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಬಹುವಿಧ ವೈಕಲ್ಯ ಈ ನಾಲ್ಕಕ್ಕೆ. ಅದರಲ್ಲಿ 'ಸಮರ್ಥ್' ಅನ್ನುವ ಯೋಜನೆ ಇಂಥ ಬಿಡುವಿಗೇ ಮಾಡಿದ್ದು, ಆದರೆ ಅದು ಕೇಂದ್ರದಲ್ಲಿ ಇಟ್ಟುಕೊಳ್ಳುವ ವ್ಯವಸ್ಥೆ, ಮನೆಯಲ್ಲಿ ಅಲ್ಲ. 'ನಿರಾಮಯ' ವಿಮೆ ವರ್ಷಕ್ಕೆ 1 ಲಕ್ಷದವರೆಗೆ. ಮಾಡಿಸದವರು ದಯವಿಟ್ಟು ಮಾಡಿಸಿ. ಮಗು ಇನ್ನೊಂದು ಮನೆಯಲ್ಲಿ ಇರುವಾಗ ಆಸ್ಪತ್ರೆಗೆ ಹೋಗಬೇಕಾಗಿ ಬಂದರೆ ಆ ಕಾರ್ಡೂ ಯು.ಡಿ.ಐ.ಡಿ ಕಾರ್ಡಿನ (ವಿಕಲಚೇತನರ ಗುರುತಿನ ಚೀಟಿ) ಪ್ರತಿಯೂ ಅವರ ಕೈಯಲ್ಲಿ ಇರಬೇಕು.

ಒಂದು ಎಚ್ಚರಿಕೆ. 'ಮಗುವನ್ನು ಒಪ್ಪಿಸಿದ್ದೇವೆ' ಅನ್ನುವ ಥರದ ಯಾವ ಕಾಗದಕ್ಕೂ ಸಹಿ ಹಾಕಬೇಡಿ. ನೀವೇ ಒಂದು ಪತ್ರ ಬರೆಯಿರಿ: ಇಂಥ ದಿನದಿಂದ ಇಂಥ ದಿನದವರೆಗೆ, ಇಂಥವರ ಮನೆಯಲ್ಲಿ, ಇಂಥ ಔಷಧಿ, ತುರ್ತಾದರೆ ಇಂಥ ಆಸ್ಪತ್ರೆಗೆ ಸೇರಿಸಲು ನನ್ನ ಒಪ್ಪಿಗೆ ಉಂಟು. ಹಾಗೆಯೇ, ಒಂದೇ ಮನೆಯಲ್ಲಿ ಐದಾರು ಮಕ್ಕಳನ್ನು ಇಟ್ಟುಕೊಳ್ಳುವವರ ಹತ್ತಿರ ಹೋಗಬೇಡಿ. ಅದು ಮನೆ ಅಲ್ಲ, ಸಂಸ್ಥೆ. ಅದಕ್ಕೆ ನೋಂದಣಿ ಬೇಕು.

ಕೊಕ್ಕಡ_ಬದಿಯ_ಅಮ್ಮ
ಬುಧವಾರ, ರಾತ್ರಿ 10:05

ನಾನು ಬೀಡಿ ಕಟ್ಟುವವಳು. ಇದನ್ನು ನನ್ನ ಮಗಳು ಬರೆದುಕೊಡುತ್ತಿದ್ದಾಳೆ.

ನಮ್ಮದು ಗೇರು ತೋಟಕ್ಕೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಕೀಟನಾಶಕ ಹೊಡೆದ ಊರು. 2011ರಲ್ಲಿ ಸುಪ್ರೀಂ ಕೋರ್ಟ್ ಆ ಔಷಧವನ್ನೇ ನಿಷೇಧಿಸಿತು. ನನ್ನ ಮಗ ಹುಟ್ಟಿದ್ದು ಅದಕ್ಕಿಂತ ಎಷ್ಟೋ ಮೊದಲು. ಅವನಿಗೀಗ ಇಪ್ಪತ್ತಾರು. ಹಗಲು ಪಾಲನಾ ಕೇಂದ್ರಕ್ಕೆ ಹೋಗುತ್ತಾನೆ. ಆ ಹೊತ್ತಿನಲ್ಲೇ ನಾನು ಬೀಡಿ ಕಟ್ಟುವುದು, ಅಡುಗೆ ಮಾಡುವುದು, ಸೊಪ್ಪು ತರುವುದು. ಕೇಂದ್ರಕ್ಕೆ ರಜೆ ಇದ್ದ ದಿನ ಇನ್ನೂರು ಬೀಡಿಯೂ ಆಗುವುದಿಲ್ಲ.

ನಿಮ್ಮ ಮಾತೆಲ್ಲ ಸಣ್ಣ ಮಕ್ಕಳದು. ನನ್ನ ಮಗ ದೊಡ್ಡವನಾದ, ಮೀಸೆ ಬಂತು. ಅವನನ್ನು ಯಾರು ಮನೆಗೆ ಕರೆದುಕೊಂಡು ಹೋಗುತ್ತಾರೆ? ರಾತ್ರಿ ಅವನು ನಾಲ್ಕು ಸಲ ಏಳುತ್ತಾನೆ. ಇಪ್ಪತ್ತಾರು ವರ್ಷದಲ್ಲಿ ನಾನು ಒಂದು ರಾತ್ರಿ ಪೂರ್ತಿ ಮಲಗಿಲ್ಲ. ಒಂದೇ ರಾತ್ರಿ ಸಾಕು ನನಗೆ.

ಕಡಲತಡಿ
ಬುಧವಾರ, ರಾತ್ರಿ 10:31

ಅಮ್ಮಾ...

ನಿವೃತ್ತ_ಸಮಾಜಕಾರ್ಯಕರ್ತೆ
ಗುರುವಾರ, ಬೆಳಿಗ್ಗೆ 6:40

ಅಮ್ಮ, ರಾತ್ರಿ ನಿಮ್ಮ ಮಾತು ಓದಿ ನನಗೂ ನಿದ್ದೆ ಬರಲಿಲ್ಲ. ನೀವು ಹೇಳಿದ್ದು ಸರಿ. ಹದಿನೆಂಟು ದಾಟಿದವರನ್ನು ಮರೆತೇ ಮಾತಾಡುತ್ತೇವೆ ನಾವು. ದೊಡ್ಡ ಮಗನನ್ನು ಬೇರೆ ಮನೆಗೆ ಕಳಿಸುವುದು ಕಷ್ಟ ಇರಬಹುದು. ಆದರೆ ಆ ಮನೆಯವರು ನಿಮ್ಮ ಮನೆಗೆ ಬರಬಹುದಲ್ಲ? ಒಂದು ರಾತ್ರಿ ಒಬ್ಬರು ನಿಮ್ಮ ಚಾವಡಿಯಲ್ಲಿ ಮಗನ ಪಕ್ಕ ಎಚ್ಚರ ಇರುತ್ತಾರೆ, ನೀವು ಒಳಗೆ ಬಾಗಿಲು ಹಾಕಿ ಮಲಗುತ್ತೀರಿ. ಅವನಿಗೆ ತನ್ನದೇ ಹಾಸಿಗೆ, ಅದೇ ಗೋಡೆ, ಅದೇ ದನಿ. ನನ್ನ ನಾಲ್ಕು ಕುಟುಂಬಗಳಲ್ಲಿ ಒಂದರಲ್ಲಿ ಹೀಗೇ ನಡೆಯುತ್ತಿದೆ. ಮಗಳ ಹತ್ತಿರ ಹೇಳಿ ನನಗೆ ಇಲ್ಲಿ ಖಾಸಗಿ ಸಂದೇಶ ಕಳಿಸಿ. ಮುಂದಿನ ವಾರ ಧರ್ಮಸ್ಥಳ ಕಡೆ ಬರುವುದುಂಟು, ಬಂದು ಕೂತು ಮಾತಾಡುತ್ತೇನೆ.

ಅಂದ ಹಾಗೆ ಎಲ್ಲರಿಗೂ: ಹದಿನೆಂಟು ದಾಟಿದ ಮೇಲೆ ಕಾನೂನಿನ ಪೋಷಕತ್ವ ತಾನಾಗಿ ಉಳಿಯುವುದಿಲ್ಲ. ಡಿ.ಸಿ. ಅಧ್ಯಕ್ಷರಾಗಿರುವ ಸ್ಥಳೀಯ ಮಟ್ಟದ ಸಮಿತಿಗೆ ನ್ಯಾಷನಲ್ ಟ್ರಸ್ಟ್ ಕಾಯ್ದೆಯ 14ನೇ ಕಲಮಿನಲ್ಲಿ ಅರ್ಜಿ ಹಾಕಬೇಕು. ಮುಂದೂಡಬೇಡಿ.

ಅಕ್ಕ_ನಾನೇ
ಗುರುವಾರ, ಮಧ್ಯಾಹ್ನ 1:15

ನಾನು ಮಂಗಳೂರಿನಲ್ಲಿ ಬಿ.ಕಾಂ. ಓದುತ್ತಿದ್ದೇನೆ. ನನ್ನ ತಮ್ಮನಿಗೆ ತೀವ್ರ ಆಟಿಸಂ. ಸುರತ್ಕಲ್‌ನ ಆಂಟಿ, ನಿಮ್ಮ ಮಗಳ ಬಗ್ಗೆ ಬರೆದಿದ್ದೀರಿ ಅಂತ ಧೈರ್ಯ ಮಾಡಿ ಹೇಳುತ್ತಿದ್ದೇನೆ.

ನಾನು ಹತ್ತನೇ ಕ್ಲಾಸಿನಲ್ಲಿ ಇದ್ದಾಗ ತಮ್ಮನನ್ನು ತಿಂಗಳಿಗೆ ಎರಡು ಭಾನುವಾರ ನಮ್ಮ ಹಳೆಯ ಟ್ಯೂಷನ್ ಟೀಚರ್ ಮನೆಗೆ ಕರೆದುಕೊಂಡು ಹೋಗುತ್ತಿದ್ದರು. ಆ ಭಾನುವಾರಗಳಲ್ಲಿ ಅಮ್ಮ ನನಗೆ ತಲೆಗೆ ಎಣ್ಣೆ ಹಚ್ಚುತ್ತಿದ್ದಳು. ಒಂದು ಗಂಟೆ, ಎರಡು ಗಂಟೆ, ಅವಸರ ಇಲ್ಲದೆ. ಒಮ್ಮೆ ಹಂಪನಕಟ್ಟೆಗೆ ಹೋಗಿ ಐಸ್‌ಕ್ರೀಂ ತಿಂದೆವು. ತಮ್ಮನಿಗೆ ಆ ಗದ್ದಲ ಆಗುವುದಿಲ್ಲ, ಹಾಗಾಗಿ ಮೂರು ವರ್ಷದಿಂದ ಹೋಗಿರಲಿಲ್ಲ. ಸಂಜೆ ತಮ್ಮ ವಾಪಸ್ ಬಂದಾಗ ನಾನೇ ಓಡಿ ಹೋಗಿ ಗೇಟು ತೆಗೆಯುತ್ತಿದ್ದೆ. ಬೆಳಿಗ್ಗೆಯಿಂದ ಸಂಜೆವರೆಗೆ ನೋಡಿರದೆ ಅವನನ್ನು ನೋಡುವ ಆಸೆ ಆಗುತ್ತಿತ್ತು. ಬೇರೆ ದಿನ ಹಾಗೆ ಅನಿಸುತ್ತಿರಲಿಲ್ಲ. ಇದನ್ನು ಹೇಳಿದರೆ ತಪ್ಪಾಗುತ್ತದೇನೋ, ಆದರೆ ನಿಜ.

ಶಂಕರಪುರದ_ಮಲ್ಲಿಗೆ
ಗುರುವಾರ, ರಾತ್ರಿ 8:20

ನಾನು ಮಗುವನ್ನು ಇಟ್ಟುಕೊಳ್ಳುವವಳು. ಉಡುಪಿ ಬದಿ. ಮನೆಯಲ್ಲಿ ನಾನು, ಗಂಡ, ಮಾವ. ಮಲ್ಲಿಗೆ ಕೃಷಿ. ಮೂರು ವರ್ಷದಿಂದ ತಿಂಗಳಿಗೆ ಎರಡು ರಾತ್ರಿ ಒಂದು ಹುಡುಗಿ ಬರುತ್ತಾಳೆ. ಅವಳಿಗೂ ಸೆರೆಬ್ರಲ್ ಪಾಲ್ಸಿ. ಅವಳ ತಾಯಿ ನನ್ನ ಜೊತೆ ಶಾಲೆಗೆ ಹೋದವಳು.

ಮೊದಲ ಸಲ ನನ್ನ ಕೈ ನಡುಗುತ್ತಿತ್ತು. ತಾಯಿ ಒಂದು ನೋಟ್ ಪುಸ್ತಕ ಕೊಟ್ಟಿದ್ದಳು. ಅದು ಇಲ್ಲದಿದ್ದರೆ ನನ್ನಿಂದ ಆಗುತ್ತಿರಲಿಲ್ಲ. ಸುರತ್ಕಲ್‌ನ ಅಕ್ಕ, ನೀವು ಈಗಿನಿಂದಲೇ ಬರೆಯಲು ಶುರು ಮಾಡಿ. ಔಷಧಿಯ ಹೊತ್ತು ಡಾಕ್ಟರ ಚೀಟಿಯಲ್ಲಿ ಇರುತ್ತದೆ. ಅದು ಬೇರೆ. ಈ ಪುಸ್ತಕದಲ್ಲಿ ಇದ್ದದ್ದು ಇಂಥದ್ದು: 'ಕುಚ್ಚಲಕ್ಕಿ ಗಂಜಿಯನ್ನು ಮಿಕ್ಸಿಯಲ್ಲಿ ತಿರುಗಿಸಿ ದಪ್ಪ ಮಾಡು. ತಿಳಿ ಕೊಟ್ಟರೆ ಕೆಮ್ಮುತ್ತಾಳೆ, ಉಸಿರಿನ ದಾರಿಗೆ ಹೋಗುತ್ತದೆ. ತಲೆ ಹಿಂದಕ್ಕೆ ವಾಲಬಾರದು, ಗದ್ದ ಸ್ವಲ್ಪ ಕೆಳಗೆ ಇರಲಿ. ಉಂಡ ಮೇಲೆ ಅರ್ಧ ಗಂಟೆ ಮಲಗಿಸಬೇಡ. ಎಡ ಕಾಲಿನ ಬೆರಳು ಸೆಟೆದರೆ ಮೂತ್ರ ಬಂದಿದೆ ಅಂತ. ಕರೆಂಟ್ ಹೋದರೆ ಹೆದರುತ್ತಾಳೆ, ಮೊದಲು ಮಾತಾಡು, ಆಮೇಲೆ ಟಾರ್ಚ್ ಹುಡುಕು.'

ಈ ಕೊನೆಯ ಸಾಲು ಓದಿ ನಾನು ಅತ್ತಿದ್ದೇನೆ. ಮೊದಲು ಮಾತಾಡು, ಆಮೇಲೆ ಟಾರ್ಚ್ ಹುಡುಕು.

ಎತ್ತುವುದನ್ನು ಫಿಸಿಯೋ ಮೇಡಂ ಕಲಿಸಿದರು. ಸೊಂಟ ಬಗ್ಗಿಸದೆ ಮಂಡಿ ಮಡಚಿ, ಮಗುವನ್ನು ಎದೆಗೆ ಒತ್ತಿ ಹಿಡಿದು ಏಳುವುದು. ಸುರತ್ಕಲ್‌ನ ಅಕ್ಕ, ನಿಮ್ಮ ಸೊಂಟಕ್ಕೂ ಇದು ಬೇಕು. 26 ಕೆಜಿ ಒಬ್ಬರೇ ಎತ್ತುವುದು ಇನ್ನು ಸಾಕು.

ಫಿಟ್ಸ್‌ಗೂ ಒಂದು ದಿನ ಕೂರಿಸಿ ಹೇಳಿಕೊಟ್ಟರು. ಮಗ್ಗುಲಿಗೆ ತಿರುಗಿಸಿ, ಬಾಯಿಗೆ ಏನೂ ಹಾಕಬೇಡಿ, ಕೈಗೆ ಕಬ್ಬಿಣ ಕೊಡಬೇಡಿ, ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ ಡಾಕ್ಟರ್ ಬರೆದುಕೊಟ್ಟ ಮೂಗಿನ ಸ್ಪ್ರೇ, ಕೂಡಲೇ 108. ಮಾವ ಮೊದಲು ಈರುಳ್ಳಿ ಮೂಸಿಸಬೇಕು ಅನ್ನುತ್ತಿದ್ದರು. ಮೇಡಂ ಅವರಿಗೂ ಗೌರವದಿಂದಲೇ ಬಿಡಿಸಿ ಹೇಳಿದರು. ಒಮ್ಮೆ ನಿಜವಾಗಿ ಬಂದಾಗ ಗಡಿಯಾರ ಹಿಡಿದು ಜೋರಾಗಿ ನಿಮಿಷ ಎಣಿಸಿದ್ದು ಮಾವನೇ. ಎರಡು ನಿಮಿಷಕ್ಕೆ ನಿಂತಿತು.

ಹಣದ ವಿಷಯ ಯಾರೂ ಕೇಳಲಿಲ್ಲ, ನಾನೇ ಹೇಳುತ್ತೇನೆ. ಮೊದಲು ಬೇಡ ಅಂದೆ. ಆಮೇಲೆ ನಮ್ಮ ಕಡೆಯ ಸಮಾಜಕಾರ್ಯಕರ್ತೆ ಹೇಳಿದರು, ತೆಗೆದುಕೊಳ್ಳಿ, ಇಲ್ಲದಿದ್ದರೆ ಮಗುವಿನ ತಾಯಿಗೆ ನಿಮ್ಮ ಹತ್ತಿರ 'ಈ ವಾರ ಹೀಗೆ ಮಾಡು' ಅಂತ ಹೇಳಲು ಸಂಕೋಚ ಆಗುತ್ತದೆ ಅಂತ. ನೂರಕ್ಕೆ ನೂರು ಸರಿ. ಈಗ ಒಂದು ರಾತ್ರಿಗೆ ಇಷ್ಟು ಅಂತ ಕೊಡುತ್ತಾಳೆ, ನಾನು ತೆಗೆದುಕೊಳ್ಳುತ್ತೇನೆ. ಗೆಳೆತನ ಎಲ್ಲಿಗೂ ಹೋಗಲಿಲ್ಲ.

ಕಷ್ಟದ ದಿನವೂ ಇತ್ತು. ಒಂದು ಸಲ ರಾತ್ರಿ ಎರಡು ಗಂಟೆಯವರೆಗೆ ಅವಳು ಅಳು ನಿಲ್ಲಿಸಲೇ ಇಲ್ಲ. ತಾಯಿಗೆ ಫೋನ್ ಮಾಡಿದರೆ ಅವಳ ವಿಶ್ರಾಂತಿ ಹಾಳು, ಮಾಡದಿದ್ದರೆ ಮಗು ಒದ್ದಾಡುತ್ತಿದೆ. ಸಮಾಜಕಾರ್ಯಕರ್ತೆಗೆ ಮಾಡಿದೆ. ಎರಡನೇ ರಿಂಗಿಗೆ ಎತ್ತಿದರು. 'ಹೊಟ್ಟೆ ಮುಟ್ಟಿ ನೋಡಿ, ಗಟ್ಟಿ ಇದೆಯಾ?' ಅಂದರು. ಮಲ ಕಟ್ಟಿತ್ತು. ಆ ಫೋನ್ ಎತ್ತುವ ಒಬ್ಬರು ಇಲ್ಲದಿದ್ದರೆ ನಾನು ಆ ತಿಂಗಳೇ ಬಿಟ್ಟುಬಿಡುತ್ತಿದ್ದೆ.

ಅಂಬಲಪಾಡಿ_ಅಣ್ಣ
ಶುಕ್ರವಾರ, ಬೆಳಿಗ್ಗೆ 9:00

ಎಲ್ಲ ಓದಿದೆ. ನೋಟ್ ಪುಸ್ತಕದ ಮಾತು ಅಕ್ಕನಿಗೆ ಫೋನಿನಲ್ಲಿ ಓದಿ ಹೇಳಿದೆ. ಅವಳು ತುಂಬ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ 'ನಾನೂ ಒಂದು ಪುಸ್ತಕ ತರುತ್ತೇನೆ' ಅಂದಳು. ಭಾನುವಾರ ನಾನೇ ಹೋಗಿ ಹುಡುಗನ ಜೊತೆ ಎರಡು ಗಂಟೆ ಕೂರುತ್ತೇನೆ. ಅವನ ಮಾವ ನಾನು, ಇಷ್ಟು ದಿನ ಯಾಕೆ ಕೂರಲಿಲ್ಲ ಅಂತ ನನಗೇ ಗೊತ್ತಿಲ್ಲ. ಉಣಿಸುವುದನ್ನು ಮೊದಲು ಕಲಿಯುತ್ತೇನೆ.

ಸುರತ್ಕಲ್_ಅಮ್ಮ
ಹನ್ನೊಂದು ವಾರದ ನಂತರ, ಭಾನುವಾರ, ಸಂಜೆ 7:30

ಎಲ್ಲರಿಗೂ ನಮಸ್ಕಾರ. ತಡವಾಯಿತು, ಕ್ಷಮಿಸಿ. ಎಲ್ಲ ಆದ ಮೇಲೆ ಬರೆಯೋಣ ಅಂತ ಇದ್ದೆ.

ಟೀಚರಮ್ಮ ಕೇಳಿದ ಪ್ರಶ್ನೆ, ಯಾರ ದನಿಗೆ ತಲೆ ತಿರುಗಿಸುತ್ತಾನೆ ಅನ್ನುವುದು, ಅವತ್ತು ರಾತ್ರಿಯೆಲ್ಲ ತಲೆಯಲ್ಲಿ ಸುತ್ತಿತು. ಬೆಳಿಗ್ಗೆ ಗೊತ್ತಾಯಿತು. ಅವನ ಶಾಲೆಯಲ್ಲಿ ಮೊದಲು ಇದ್ದ ಆಯಾ. ಈಗ ಕೆಲಸ ಬಿಟ್ಟು ಮಗಳ ಜೊತೆ ಕುಳಾಯಿಯಲ್ಲಿದ್ದಾರೆ. ಅವರನ್ನು ಕಂಡರೆ ಇವನು ಜೊಲ್ಲು ಸುರಿಸಿಕೊಂಡು ನಗುತ್ತಿದ್ದ. ಟೀಚರಮ್ಮ ಮತ್ತು ಫೀಲ್ಡ್‌ವರ್ಕಿಗೆ ಬಂದ ಒಬ್ಬ ಹುಡುಗಿ ಸೇರಿ ಆ ಮನೆಗೆ ಮೂರು ಸಲ ಹೋಗಿ ಬಂದರು. ಬಚ್ಚಲಿಗೆ ಒಂದು ಮೆಟ್ಟಿಲು ಇತ್ತು, ನನ್ನ ಗಂಡ ರಜೆಯಲ್ಲಿ ಬಂದಾಗ ಅಲ್ಲಿ ಮರದ ಇಳಿಜಾರು ಮಾಡಿಸಿದರು. ಅತ್ತೆ ಮೊದಲು ಒಪ್ಪಲಿಲ್ಲ, 'ನಮ್ಮ ಮಗು ಪರರ ಮನೆಯಲ್ಲಾ' ಅಂದರು. ನಾಲ್ಕನೇ ಸಲ ಅವರೂ ರಿಕ್ಷಾದಲ್ಲಿ ಜೊತೆಗೆ ಬಂದರು. ಚಾ ಕುಡಿದರು. ಆಯಾಳ ಕೈಯಿಂದ ಮೊಮ್ಮಗ ತಿನ್ನುವುದನ್ನು ನೋಡಿದರು. ವಾಪಸ್ ಬರುವಾಗ 'ಅವಳು ಚಮಚ ನಾಲಗೆಯ ಮೇಲೆ ಒತ್ತಿ ಹಿಡಿಯುತ್ತಾಳೆ, ನೀನು ಹಾಗೆ ಮಾಡು' ಅಂತ ನನಗೆ ಹೇಳಿದರು.

ನಿನ್ನೆ ಮೊದಲ ರಾತ್ರಿ. ಶನಿವಾರ ಹನ್ನೊಂದಕ್ಕೆ ಬಿಟ್ಟು ಬಂದೆ. ಇವತ್ತು ನಾಲ್ಕಕ್ಕೆ ಕರೆದುಕೊಂಡು ಬಂದೆ. ರಾತ್ರಿ ನನಗೆ ಮೂರು ಸಲ ಎಚ್ಚರ ಆಯಿತು, ಅಭ್ಯಾಸ. ಮೂರನೇ ಸಲ ಮಗಳು ನನ್ನ ಪಕ್ಕ ಬಂದು ಮಲಗಿದ್ದಳು. ಅವಳು ಸಣ್ಣವಳಿದ್ದಾಗ ಹಾಗೆ ಮಲಗಿದ್ದು, ಆಮೇಲೆ ಇವತ್ತೇ.

ಬಿಟ್ಟು ಹೋದಳು ಅಂದುಕೊಳ್ಳುತ್ತಾನಾ ಅಂತ ಕೇಳಿದ್ದೆ. ಸಂಜೆ ನಾನು ಹೋದಾಗ ಅವನು ಜಗುಲಿಯಲ್ಲಿ ಕುರ್ಚಿಯಲ್ಲಿ ಕೂತಿದ್ದ, ಪಕ್ಕದಲ್ಲಿ ಆಯಾ ಮೀನು ಸ್ವಚ್ಛ ಮಾಡುತ್ತಿದ್ದರು, ಬೆಕ್ಕೊಂದು ಕೂಗುತ್ತಿತ್ತು. ನನ್ನನ್ನು ಕಂಡು ಜೋರಾಗಿ ನಕ್ಕ. ಆಮೇಲೆ 'ಮನೆಗೆ ಹೋಗೋಣವಾ?' ಅಂತ ಕೇಳಿದೆ. ಕಣ್ಣು ಮೇಲೆ ಎತ್ತಿದ. 'ಮತ್ತೆ ಇಲ್ಲಿಗೆ ಬರೋಣವಾ?' ಅಂದೆ. ಸ್ವಲ್ಪ ಹೊತ್ತು ಬೆಕ್ಕಿನ ಕಡೆ ನೋಡಿದ. ಆಮೇಲೆ ಕಣ್ಣು ಎತ್ತಿದ.

ಕೊಕ್ಕಡದ ಅಮ್ಮ, ನೀವು ಮಲಗಿದಿರಾ?

ಕೊಕ್ಕಡ_ಬದಿಯ_ಅಮ್ಮ
ಭಾನುವಾರ, ರಾತ್ರಿ 9:10

ಹೋದ ತಿಂಗಳು ಎರಡು ರಾತ್ರಿ ಮಲಗಿದೆ. ನನ್ನ ನಾದಿನಿಯ ಮಗ ಬಂದು ಚಾವಡಿಯಲ್ಲಿ ಎಚ್ಚರ ಇದ್ದ. ಟೀಚರಮ್ಮ ಅವನಿಗೆ ಎಲ್ಲ ಕಲಿಸಿದ್ದಾರೆ. ಮೊದಲ ರಾತ್ರಿ ಬೆಳಿಗ್ಗೆ ಏಳಕ್ಕೆ ಎದ್ದಾಗ ಬಿಸಿಲು ಬಂದಿತ್ತು. ಬಿಸಿಲು ಬಂದ ಮೇಲೆ ಏಳುವುದು ಹೇಗಿರುತ್ತದೆ ಅಂತ ನನಗೆ ಮರೆತೇ ಹೋಗಿತ್ತು. ಶುಕ್ರವಾರ ಮತ್ತೆ ಬರುತ್ತಾನೆ.